ಒಲೆ ಬೂದಿ, ಹಣೆ ಬೂದಿ

ಬೂದಿ ಅಂದ ಕೂಡಲೇ ಜನಕ್ಕೆ ಎರಡೇ ನೆನಪಾಗುತ್ತವೆ. ಒಂದು ಸ್ಮಶಾನ, ಇನ್ನೊಂದು ಶಿವ. ಬೂದಿಯಲ್ಲಿ ಬರೆದ ನನ್ನ ಚಿತ್ರಗಳ ಮುಂದೆ ನಿಂತವರೆಲ್ಲ, ಓದಿದವರೂ ಓದದವರೂ, ಇವೆರಡರಲ್ಲಿ ಒಂದನ್ನು ಕೇಳಿಯೇ ಕೇಳುತ್ತಾರೆ. ಸಾವಿನ ಬಗ್ಗೆ ತುಂಬ ಯೋಚನೆ ಮಾಡುತ್ತೀರಾ ಅನ್ನುವವರು ಕೆಲವರು. ನೀವು ದೊಡ್ಡ ದೈವಭಕ್ತೆ ಇರಬೇಕು ಅನ್ನುವವರು ಕೆಲವರು. ಅಡುಗೆ ಆದ ಮೇಲೆ ಒಲೆಯಲ್ಲಿ ಏನು ಉಳಿಯುತ್ತದೆ ಅಂತ ಇವರ ಮನೆಗಳಲ್ಲಿ ಯಾರೂ ಬಗ್ಗಿ ನೋಡಿಯೇ ಇಲ್ಲವೇನೋ. ಗ್ಯಾಸ್ ಬಂದ ಮೇಲೆ ಹುಟ್ಟಿದವರು ಕೇಳಿದರೆ ಹೋಗಲಿ ಅನ್ನಬಹುದು. ನನ್ನ ವಯಸ್ಸಿನ ಹೆಂಗಸರು, ಬೂದಿಯಲ್ಲಿ ಪಾತ್ರೆ ತಿಕ್ಕಿ ತಿಕ್ಕಿ ಉಗುರು ಸವೆಸಿಕೊಂಡವರು, ಅವರೂ ಇದನ್ನೇ ಕೇಳುತ್ತಾರಲ್ಲ, ಅದಕ್ಕೆ ನನಗೆ ಮೈಯೆಲ್ಲ ಉರಿಯುತ್ತದೆ.

ನನ್ನದು ಒಲೆ ಬೂದಿ. ಈ ಮಾತನ್ನು ಒಂದು ಸಲ ನಾಲ್ಕು ಜನರ ಎದುರಿಗೆ ಹೇಳಿದ್ದೆ, ಯಲಹಂಕದಲ್ಲಿ, ನಾನು ಓದುತ್ತಿದ್ದ ಹೈಸ್ಕೂಲಿನ ಹಾಲಿನಲ್ಲಿ. ಆವತ್ತಿನ ಕೋಪ ಇನ್ನೂ ಆರಿಲ್ಲ. ಬೂದಿ ಮುಚ್ಚಿದ ಕೆಂಡ ಅಂತ ಯಾರಾದರೂ ಜಾಣತನ ತೋರಿಸುವ ಮೊದಲು ನಾನೇ ಹೇಳಿಬಿಡುತ್ತೇನೆ, ಮುಚ್ಚಿಕೊಂಡೂ ಇಲ್ಲ.

ನಮ್ಮೂರು ಪುಟ್ಟೇನಹಳ್ಳಿ. ಈಗ ಅದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ನನಗೂ ತಿಳಿಯುವುದಿಲ್ಲ. ಐವತ್ತರ ದಶಕದಲ್ಲಿ ಅದು ಯಲಹಂಕಕ್ಕೆ ಅಂಟಿಕೊಂಡಿದ್ದ ಹಳ್ಳಿ. ಕೆರೆ ಏರಿ ಮೇಲೆ ನಡೆದುಕೊಂಡು ಹೋದರೆ ಹೈಸ್ಕೂಲು. ಮನೆಯಲ್ಲಿ ಅಪ್ಪ, ಅವ್ವ, ಅಜ್ಜಿ, ನಾನು. ರಾಗಿ, ಅವರೆ, ಹುರುಳಿ ಬೆಳೆದು ತಿನ್ನುವವರು. ಅವ್ವನ ಒಲೆ ಬೆಳಗಿನಿಂದ ರಾತ್ರಿವರೆಗೆ ಬೂದಿ ಕೊಡುತ್ತಿತ್ತು. ಅದರಲ್ಲಿ ಒಂದು ಹಿಡಿಯೂ ದಂಡವಾಗುತ್ತಿರಲಿಲ್ಲ. ಪಾತ್ರೆ ತಿಕ್ಕಲು ಬೂದಿ, ಹಲ್ಲುಜ್ಜಲು ಬೂದಿ, ಬಿತ್ತನೆ ಬೀಜಕ್ಕೆ ಹುಳ ಬೀಳದಂತೆ ಬೆರೆಸಿಡಲು ಬೂದಿ, ಬದನೆ ಗಿಡದ ಮೇಲೆ ಎರಚಲು ಬೂದಿ. ಮಿಕ್ಕಿದ್ದು ತಿಪ್ಪೆಗೆ. ಅಜ್ಜಿಯಂತೂ ಬೂದಿ ನೆನೆಸಿದ ನೀರಿನಲ್ಲೇ ಪಂಚೆ ಒಗೆಯುತ್ತಿದ್ದಳು. ಸೋಪಿಗಿಂತ ಬೆಳ್ಳಗಾಗುತ್ತದೆ ಅನ್ನುವುದು ಅವಳ ವಾದ, ಅದು ನಿಜವೂ ಆಗಿತ್ತು.

ವರ್ಷಕ್ಕೊಂದು ಸಲ ಮಾತ್ರ ಈ ಬೂದಿ ಅಪ್ಪನ ಕೈಗೆ ಹೋಗುತ್ತಿತ್ತು. ಸಂಕ್ರಾಂತಿಯ ಆಸುಪಾಸಿನಲ್ಲಿ ರಾಗಿ ತುಳಿಸಿ, ತೂರಿ, ಕಣದ ನಡುವೆ ರಾಶಿ ಮಾಡುತ್ತಿದ್ದೆವು. ಅಪ್ಪ ಸ್ನಾನ ಮಾಡಿ ಬಂದು, ಮೊರದ ತುಂಬ ಬೂದಿ ತೆಗೆದುಕೊಂಡು, ರಾಶಿಯ ಸುತ್ತ ಗೆರೆ ಎಳೆಯುತ್ತಿದ್ದ. ಮುಷ್ಟಿಯಲ್ಲಿ ಬೂದಿ ಹಿಡಿದು, ಹೆಬ್ಬೆರಳಿನ ಸಂದಿಯಿಂದ ಸಣ್ಣಗೆ ಬಿಡುತ್ತ, ಬಗ್ಗಿಕೊಂಡು ಹಿಂದೆ ಹಿಂದೆ ಹೋಗುತ್ತಿದ್ದ. ಗೆರೆ ಮುಗಿದ ಮೇಲೆ ಸೂರ್ಯ, ಚಂದ್ರ, ನೇಗಿಲು, ಕುಡುಗೋಲು, ಬಾಲ ಎತ್ತಿದ ಒಂದು ಚೇಳು. ಸಗಣಿ ಸಾರಿಸಿದ ಕರಿ ನೆಲದ ಮೇಲೆ ಅವು ಎದ್ದು ಬರುವ ಹಾಗೆ ಕಾಣುತ್ತಿದ್ದವು. ಅಷ್ಟು ಚೆಂದದ ಚೇಳನ್ನು ಆಮೇಲೆ ನಾನು ಎಲ್ಲೂ ನೋಡಲಿಲ್ಲ. ಅದನ್ನು ಯಾರೂ ಚಿತ್ರ ಅನ್ನುತ್ತಿರಲಿಲ್ಲ, ಗುರುತು ಹಾಕುವುದು ಅನ್ನುತ್ತಿದ್ದರು. ಯಾರಾದರೂ ಕದ್ದು ರಾಶಿಗೆ ಕೈ ಹಾಕಿದರೆ ಬೂದಿ ಕೆದರಿ ಗೊತ್ತಾಗುತ್ತದೆ, ಕಳ್ಳನಿಗೂ ದೆವ್ವಕ್ಕೂ ಅದೇ ಬೇಲಿ. ಮಾರನೇ ದಿನ ಕೊಳಗ ತಂದು, ಮೊದಲ ಕೊಳಗಕ್ಕೆ ಒಂದು ಅನ್ನದೆ ‘ಲಾಭ’ ಅಂತ ಕೂಗಿ, ಅಳೆಯಲು ಶುರು ಮಾಡುತ್ತಿದ್ದರು. ಅಳೆಯುತ್ತ ಅದೇ ಸೂರ್ಯ ಚಂದ್ರರನ್ನು ತುಳಿದುಕೊಂಡು ಓಡಾಡುತ್ತಿದ್ದರು.

ರಾಶಿ ಆಗುವವರೆಗೆ ನಾವು ಹೆಂಗಸರು ಬೇಕು. ಕೊಯ್ಯಲು ಬೇಕು, ಹೊರಲು ಬೇಕು, ತೂರಲು ಬೇಕು. ನನ್ನ ಎಡಗಾಲಿನ ಕಿರುಬೆರಳು ಇವತ್ತಿಗೂ ಸೊಟ್ಟಗಿದೆ. ಅದೇ ಕಣದಲ್ಲಿ ರಾಗಿ ತುಳಿಸುವಾಗ ಎತ್ತು ತುಳಿದದ್ದು. ಆದರೆ ರಾಶಿ ನಿಂತು ಬೂದಿ ಗೆರೆ ಬಿದ್ದ ಮೇಲೆ, ಅಳೆದು ಮುಗಿಸುವವರೆಗೆ, ಹೆಣ್ಣಿನ ಕಾಲು ಒಳಗೆ ಬೀಳಕೂಡದು. ಬಿದ್ದರೆ ಹುಲುಸು ಹೋಗುತ್ತದಂತೆ. ಅವ್ವ ಮತ್ತು ನಾನು ಆಚೆ ಹೊಂಗೆ ಮರದ ಕೆಳಗೆ ನಿಂತು ನೋಡಬೇಕು. ಯಾಕೆ ಅಂತ ಕೇಳಿದ್ದಕ್ಕೆ ಅಜ್ಜಿ, ಹೊಸ್ತಿಲ ರಂಗೋಲಿ ಹೆಂಗಸರದು, ಕಣದ ಬೂದಿ ಗಂಡಸರದು, ಅದಕ್ಕೆ ಇದನ್ನು ಬೆರೆಸಬಾರದು ಅಂದಳು. ಇನ್ನೂ ಕೇಳಿದ್ದಕ್ಕೆ, ಹೆಣ್ಣು ಬೂದಿಯಲ್ಲಿ ಗೆರೆ ಎಳೆದರೆ ಮನೆಯೇ ಬೂದಿಯಾಗುತ್ತದೆ ಅಂದಳು. ದಿನ ಬೆಳಗಾದರೆ ಬೂದಿಯಲ್ಲಿ ಕೈ ಅದ್ದುವ ಹೆಂಗಸರಿಗೆ ಈ ಮಾತು. ಪಾತ್ರೆ ತಿಕ್ಕುವಾಗ ಆಗದ ಮೈಲಿಗೆ ಗೆರೆ ಎಳೆದಾಗ ಆಗುತ್ತದೆ ಅನ್ನುವುದನ್ನು ನನ್ನ ತಲೆ ಒಪ್ಪಲಿಲ್ಲ.

ಸ್ಕೂಲಿನಲ್ಲೂ ಇದರದೇ ಇನ್ನೊಂದು ರೂಪ ಇತ್ತು. ಡ್ರಾಯಿಂಗ್ ಮೇಷ್ಟ್ರು ಹೆಬ್ಬಾಳದ ಕಡೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಒಳ್ಳೆಯವರು, ಮೆತ್ತಗಿನವರು, ಯಾರಾದರೂ ಜೋರಾಗಿ ಕೆಮ್ಮಿದರೂ ಎದ್ದು ನಿಲ್ಲುವ ಸ್ವಭಾವ. ಸ್ಕೂಲಿನ ಬಣ್ಣದ ಪೆಟ್ಟಿಗೆ ಅವರ ಬೀರುವಿನಲ್ಲಿ ಇತ್ತು. ಅದು ಡ್ರಾಯಿಂಗ್ ಪರೀಕ್ಷೆಗೆ ಕೂರುವ ಹುಡುಗರಿಗೆ ಮಾತ್ರ. ಹುಡುಗಿಯರು ಪೆನ್ಸಿಲಿನಲ್ಲಿ ಸೀರೆ ಬಾರ್ಡರಿನ ಡಿಸೈನು ಬರೆದರೆ ಸಾಕು, ಮುಂದೆ ಕಸೂತಿಗೆ ಉಪಯೋಗಕ್ಕೆ ಬರುತ್ತದೆ ಅನ್ನುತ್ತಿದ್ದರು. ನನಗೂ ಬಣ್ಣ ಬೇಕು ಅಂತ ಹೋಗಿ ನಿಂತೆ. ಬೇಕಾದರೆ ಮನೆಯಿಂದ ತಂದುಕೊ ಅಂದರು. ಮನೆಯಲ್ಲಿ ಏನಿತ್ತೋ ಅದನ್ನು ತಂದೆ.

ಬೂದಿ ಒಂದೇ ಬಣ್ಣ ಅಂದುಕೊಂಡವರು ಒಲೆ ಮುಂದೆ ಕೂತವರಲ್ಲ. ಹುಣಸೆ ಸೌದೆಯ ಬೂದಿ ಸುಣ್ಣದ ಹತ್ತಿರಕ್ಕೆ ಬರುವಷ್ಟು ಬೆಳ್ಳಗೆ. ಬೆರಣಿಯದು ಮಣ್ಣು ಬೆರೆತು ಸ್ವಲ್ಪ ಹಳದಿ. ರಾಗಿ ಹುಲ್ಲಿನದು ಪಾರಿವಾಳದ ಕತ್ತಿನ ಬೂದು. ಭತ್ತದ ಹೊಟ್ಟನ್ನು ಪೂರ್ತಿ ಸುಡದೆ ಆರಿಸಿದರೆ ಕಪ್ಪು, ಇನ್ನಷ್ಟು ಸುಟ್ಟರೆ ಬೆಳ್ಳಿ ಬೆರೆತ ಬಿಳಿ. ಯಲಹಂಕ ಜಂಕ್ಷನ್ನಿನಲ್ಲಿ ಉಗಿಬಂಡಿಗಳು ಹಳಿ ಪಕ್ಕ ಸುರಿದು ಹೋಗುತ್ತಿದ್ದ ಕಲ್ಲಿದ್ದಲ ಬೂದಿಯನ್ನೂ ಚೀಲದಲ್ಲಿ ತುಂಬಿಕೊಂಡು ಬಂದಿದ್ದೆ. ಅದು ಇಟ್ಟಿಗೆಯಂಥ ಕೆಂಪು, ಮುಟ್ಟಿದರೆ ಚುರುಚುರು, ಎಷ್ಟು ಅರೆದರೂ ನುಣ್ಣಗಾಗುವುದಿಲ್ಲ. ಎಲ್ಲವನ್ನೂ ಅಪ್ಪನ ಹಳೆ ಪಂಚೆಯಲ್ಲಿ ಜರಡಿ ಹಿಡಿದು ತೆಂಗಿನ ಚಿಪ್ಪುಗಳಲ್ಲಿ ಸಾಲಾಗಿ ಇಟ್ಟೆ. ಅವ್ವ ಬಂದು ನೋಡಿ, ಊರಿನ ಒಲೆಗಳೆಲ್ಲ ನಮ್ಮನೆಗೆ ಬಂದಂಗವೆ ಅಂದಳು. ಬೈಯಲಿಲ್ಲ, ಅಷ್ಟೇ ಸಾಕಾಗಿತ್ತು.

ಬಣ್ಣ ಸಿಕ್ಕಿತು, ಅಂಟಬೇಕಲ್ಲ. ಬರೀ ನೀರಿನಲ್ಲಿ ಕಲಸಿ ಹಚ್ಚಿದರೆ ಒಣಗಿದ ಮೇಲೆ ಉದುರಿ ಬೀಳುತ್ತಿತ್ತು. ಗಂಜಿಯಲ್ಲಿ ಕಲಸಿದೆ, ಚೆನ್ನಾಗಿ ಕೂತಿತು, ಜಿರಲೆಗಳು ಒಂದೇ ರಾತ್ರಿಗೆ ತಿಂದು ಮುಗಿಸಿದವು. ಜಾಲಿ ಮರದ ಅಂಟು ಹಾಕಿದೆ, ಕೆರೆ ಬತ್ತಿದಾಗ ನೆಲ ಒಡೆಯುವ ಹಾಗೆ ಒಡೆಯಿತು. ಹರಳೆಣ್ಣೆ ಹಾಕಿದರೆ ಒಣಗುವುದೇ ಇಲ್ಲ, ಮುಟ್ಟಿದವರ ಕೈಗೆಲ್ಲ ಕಾಡಿಗೆ. ಕೊನೆಗೆ ಕೈ ಹಿಡಿದದ್ದು ಒಡೆದ ಹಾಲು. ಒಂದು ದಿನ ಹಾಲು ಒಡೆದು ಅವ್ವ ಚೆಲ್ಲಲು ಹೊರಟಿದ್ದಳು. ಅದರ ಗಟ್ಟಿಯನ್ನು ಬಟ್ಟೆಯಲ್ಲಿ ಹಿಂಡಿ, ಅಜ್ಜಿ ಬಟ್ಟೆ ಒಗೆಯಲು ಸೋಸಿಟ್ಟ ಬೂದಿ ನೀರಿನಲ್ಲಿ ನಾದಿದೆ. ಯಾಕೆ ಹಾಗೆ ಮಾಡಿದೆ ಅಂತ ಕೇಳಿದರೆ ಹೇಳಲಾರೆ, ಪಕ್ಕದಲ್ಲಿ ಇತ್ತು, ಸುರಿದೆ. ನೋಡುತ್ತ ನೋಡುತ್ತ ಆ ಗಟ್ಟಿ ಕರಗಿ ಜೇನಿನಂತೆ ಎಳೆ ಎಳೆಯಾಯಿತು. ಅದಕ್ಕೆ ಬೂದಿ ಕಲಸಿ ಹಲಗೆಗೆ ಹಚ್ಚಿದರೆ, ಒಣಗಿದ ಮೇಲೆ ಉಗುರಿನಲ್ಲಿ ಕೆರೆದರೂ ಏಳಲಿಲ್ಲ. ನಾತ ಮಾತ್ರ ಒಂದು ವಾರ ಇತ್ತು. ಬೂದಿ ನೀರು ಬೆರಳ ತುದಿಯ ಚರ್ಮ ಸುಲಿಯಿತು. ನನಗೆ ಆವತ್ತು ಆದ ಸಂತೋಷ ಮದುವೆಯಲ್ಲಿ ಆಗಲಿಲ್ಲ, ಮಕ್ಕಳಾದಾಗ ಆಗಿದ್ದರೆ ಆಗಿರಬಹುದು.

ಇನ್ನೂ ಒಂದು ಕೊರತೆ ಇತ್ತು. ಹೀಗೆ ಹಚ್ಚಿದ ಬೂದಿ ಬಳಿದ ಗೋಡೆಯ ಹಾಗೆ ಸತ್ತು ಕೂರುತ್ತದೆ. ಅಪ್ಪನ ಮುಷ್ಟಿಯಿಂದ ಬಿದ್ದ ಬೂದಿಯ ಆ ಉಬ್ಬು, ಆ ಹಗುರ ಅದರಲ್ಲಿ ಇರುವುದಿಲ್ಲ. ಅದಕ್ಕೆ ನೆಲವನ್ನು ಮಾತ್ರ ಗಟ್ಟಿಯಾಗಿ ಬಳಿದು, ಮೇಲೆ ಹಾಲಿನ ಅಂಟಿನಲ್ಲಿ ಗೆರೆ ಎಳೆದು, ಅರ್ಧ ಒಣಗಿದಾಗ ಹುಣಸೆ ಬೂದಿಯನ್ನು ಅಪ್ಪನ ಹಾಗೆ ಬೆರಳ ಸಂದಿಯಿಂದ ಉದುರಿಸಿದೆ. ಊದಿದರೆ ಹೋಗುತ್ತಿರಲಿಲ್ಲ, ಹಲಗೆ ನಿಲ್ಲಿಸಿದರೂ ಬೀಳುತ್ತಿರಲಿಲ್ಲ. ಬೆರಳಿನಿಂದ ಉಜ್ಜಿದರೆ ಮಾತ್ರ ಬರುತ್ತಿತ್ತು. ಚಿತ್ರವನ್ನು ಬೆರಳಿನಿಂದ ಯಾರು ಉಜ್ಜುತ್ತಾರೆ ಅಂದುಕೊಂಡೆ.

ನಾನು ಮಾಡಿದ ಎರಡು ಸಣ್ಣ ಹಲಗೆಗಳನ್ನು ನೋಡಿ ಮೇಷ್ಟ್ರು ಬೆರಗಾದರು. ಅವರ ಒಳ್ಳೆಯತನವನ್ನು ನಾನು ಮುಚ್ಚಿಡುವುದಿಲ್ಲ, ಅವತ್ತೇ ಸೈಕಲ್ ತಳ್ಳಿಕೊಂಡು ನನ್ನ ಜೊತೆ ಪುಟ್ಟೇನಹಳ್ಳಿಗೆ ಬಂದರು. ಪೇಟೆಯಲ್ಲಿ ಚಿತ್ರಕಲೆ ಕಲಿಸುವ ಶಾಲೆ ಇದೆ, ಅಲ್ಲಿನ ಹಿರಿಯರೊಬ್ಬರು ನಮ್ಮ ಸ್ಕೂಲಿನ ವಾರ್ಷಿಕೋತ್ಸವಕ್ಕೆ ಬರುತ್ತಾರೆ, ಇವಳ ಕೆಲಸ ಅವರಿಗೆ ಹಿಡಿಸಿದರೆ ಸೀಟು ಸಿಗುತ್ತದೆ, ರೈಲಿನಲ್ಲಿ ಯಶವಂತಪುರದ ಮೇಲೆ ಹೋಗಿ ಸಂಜೆಗೆ ಬರಬಹುದು ಅಂತ ಜಗಲಿ ಮೇಲೆ ಕೂತು ಅಪ್ಪನಿಗೆ ಬಿಡಿಸಿ ಹೇಳಿದರು. ಅಮೃತಹಳ್ಳಿಯ ಒಂದು ಸಂಬಂಧದವರು ಆಗಲೇ ನನ್ನನ್ನು ನೋಡಿಕೊಂಡು ಹೋಗಿದ್ದರು, ಅಪ್ಪನ ಉತ್ತರಕ್ಕೆ ಕಾಯುತ್ತಿದ್ದರು. ಅಪ್ಪ ಬೂದಿಯ ಸುದ್ದಿಯನ್ನೇ ಎತ್ತಲಿಲ್ಲ. ಕಣದ ಬೂದಿ ನನ್ನ ಕೈಗೆ ಬಂದದ್ದು ಅವನಿಗೆ ಗೊತ್ತಿತ್ತು, ಆ ಚಿಪ್ಪುಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಬಹಳ ಹೊತ್ತು ಎಲೆ ಅಡಿಕೆ ಅಗಿದು, ಕೊನೆಗೆ ಒಂದು ಮಾತು ಹೇಳಿದ.

“ಆ ಪ್ಯಾಟೆ ಮೇಷ್ಟ್ರು ನಾಕ್ ಜನದ ಮುಂದೆ, ಇವಳ ಕೈಯಾಗೆ ಏನೋ ಐತೆ ಅಂತ ಯೋಳ್ಲಿ. ಕಳಿಸ್ತೀನಿ. ಇಲ್ದಿದ್ರೆ ಅಮೃತಳ್ಳಿಯೋರ್ಗೆ ಊಂ ಅಂತೀನಿ.”

ಅಪ್ಪ ಸಾಮಾನ್ಯವಾಗಿ ಅಡ್ಡಗೋಡೆ ಮೇಲೆ ದೀಪ ಇಡುವವನು. ಇಷ್ಟು ಬಿಡಿಸಿ ಹೇಳಿದ್ದು ನನಗೆ ಆಶ್ಚರ್ಯ. ಅವನು ಮಾತು ಕೊಟ್ಟರೆ ತಪ್ಪುವವನಲ್ಲ, ಒಳ್ಳೆಯದಕ್ಕೂ ಅಷ್ಟೇ ಕೆಟ್ಟದ್ದಕ್ಕೂ ಅಷ್ಟೇ.

ಆ ಹಿರಿಯರಿಗೆ ತೋರಿಸಲು ನಾನು ಕಣವನ್ನೇ ಆರಿಸಿಕೊಂಡೆ. ಕೊಟ್ಟಿಗೆಯ ಹಳೆ ಬಾಗಿಲ ಹಲಗೆಗೆ ಸಗಣಿ, ಮಸಿ, ಹಾಲಿನ ಅಂಟು ಕಲಸಿ ಬಳಿದು ಕರಿ ನೆಲ ಮಾಡಿದೆ. ನಡುವೆ ರಾಶಿ, ರಾಗಿ ಹುಲ್ಲಿನ ಬೂದಿಯಲ್ಲಿ. ಸುತ್ತ ಗೆರೆ. ಆಚೆ ಸೂರ್ಯ, ಚಂದ್ರ, ನೇಗಿಲು, ಕುಡುಗೋಲು, ಚೇಳು. ಚೇಳಿಗೆ ಮಾತ್ರ ರೈಲಿನ ಕೆಂಪು ಬೂದಿ. ಇಷ್ಟೂ ಅಪ್ಪನದು. ಆಮೇಲೆ ನನ್ನದೊಂದು ಸೇರಿಸಿದೆ. ಹಲಗೆಯನ್ನು ನೆಲಕ್ಕೆ ಹಾಸಿ, ಅಂಗಾಲಿಗೆ ಹಾಲಿನ ಅಂಟು ಬಳಿದುಕೊಂಡು, ಗೆರೆಯ ಒಳಗಡೆ, ರಾಶಿಯ ಪಕ್ಕದಲ್ಲೇ, ಎರಡೂ ಕಾಲು ಊರಿ ನಿಂತೆ. ಇಳಿದು ಆ ಗುರುತಿನ ಮೇಲೆ ಬೂದಿ ಉದುರಿಸಿದೆ. ಬೆಳ್ಳಗೆ ಎರಡು ಪಾದ ಎದ್ದವು, ಎಡಗಾಲಿನ ಸೊಟ್ಟ ಕಿರುಬೆರಳು ಸಮೇತ. ನನ್ನನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿದ ಎಲ್ಲರಿಗೂ ಅದು ಉತ್ತರ ಅಂದುಕೊಂಡಿದ್ದೆ. ಅಪ್ಪ ನೋಡಿ ಬೈದರೆ ಬೈಯಲಿ, ನೋಡಿದ ಹಾಗಾದರೂ ಆಗುತ್ತದೆ.

ವಾರ್ಷಿಕೋತ್ಸವದ ದಿನ ಹಲಗೆಯನ್ನು ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ತಂದೆವು. ಹಾಲಿನ ಕೊನೆಯ ಗೋಡೆಗೆ ಒರಗಿಸಿ ಇಟ್ಟರು. ಉಳಿದದ್ದೆಲ್ಲ ಹುಡುಗರ ಕಮಲ, ಮಾವಿನಹಣ್ಣು, ಬಕೆಟ್ಟು. ಪೇಟೆಯ ಹಿರಿಯರು ಮಧ್ಯಾಹ್ನದ ರೈಲಿಗೆ ಬರುವವರು. ಅದಕ್ಕೆ ಮೊದಲು ಅಧ್ಯಕ್ಷರಾಗಿ ಬಂದ ಊರಿನ ದೊಡ್ಡ ಮನುಷ್ಯರೊಬ್ಬರು ಪ್ರದರ್ಶನ ನೋಡಲು ಬಂದರು. ಜರಿ ಶಲ್ಯ, ಹಿಂದೆ ಹೆಡ್ಮಾಸ್ಟರು, ಅವರ ಹಿಂದೆ ಊರ ಜನ. ಅಪ್ಪನೂ ಮಡಿ ಪಂಚೆ ಉಟ್ಟು, ಹೆಗಲ ಮೇಲೆ ಟವಲು ಹಾಕಿಕೊಂಡು ಆ ಗುಂಪಿನಲ್ಲಿ ಇದ್ದ. ಅವ್ವ ಬಂದಿರಲಿಲ್ಲ, ಹಸು ಕರು ಹಾಕುವ ಹೊತ್ತು.

ನನ್ನ ಹಲಗೆಯ ಮುಂದೆ ಆ ದೊಡ್ಡ ಮನುಷ್ಯರು ನಿಂತರು. ಬಗ್ಗಿ ನೋಡಿದರು. ಮೂಗು ಮುರಿದರು, ಹಾಲಿನ ನಾತ ಇನ್ನೂ ಸ್ವಲ್ಪ ಇತ್ತು. ಇದೇನು ಮೇಷ್ಟ್ರೇ, ಬೂದಿ ಥರ ಇದೆಯಲ್ಲ ಅಂದರು. ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಅವರು ಒಮ್ಮೆ ಹೆಡ್ಮಾಸ್ಟರನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು.

“ವಿಭೂತಿ, ಸ್ವಾಮಿ,” ಅಂದರು.

ಆ ಒಂದು ಮಾತು. ನಮ್ಮ ಕಡೆಯ ಬಾಯಲ್ಲಿ ಅದು ಈಬೂತಿ. ಬೂದಿಗೂ ಈಬೂತಿಗೂ ನಡುವೆ ನಾಲಿಗೆ ಎಷ್ಟು ಹೊರಳಬೇಕು ಹೇಳಿ. ಅಷ್ಟರಲ್ಲಿ ಎಲ್ಲ ಮುಗಿದುಹೋಯಿತು. ದೊಡ್ಡ ಮನುಷ್ಯರು ಮೆಟ್ಟು ಬಿಟ್ಟರು. ಅವರು ಬಿಟ್ಟದ್ದು ನೋಡಿ ಹೆಡ್ಮಾಸ್ಟರು ಬಿಟ್ಟರು. ಹಿಂದಿನಿಂದ ಒಬ್ಬ ಮುದುಕಿ, ಲಕ್ಷ್ಮೀ ಪಾದ ಅಲ್ವಾ ತಾಯಿ ಅಂತ ಉದ್ಗಾರ ತೆಗೆದಳು. ವರಮಹಾಲಕ್ಷ್ಮಿ ಹಬ್ಬಕ್ಕೆ ಹೊಸ್ತಿಲಿನಿಂದ ಒಳಗೆ ಬರೆಯುತ್ತಾರಲ್ಲ, ಆ ಪಾದ. ರಾಶಿ ಪಕ್ಕದಲ್ಲಿ ಲಕ್ಷ್ಮಿ ಅಲ್ಲದೆ ಇನ್ಯಾರು ನಿಂತಾರು ಅಂತ ಇನ್ನೊಬ್ಬರು ಅರ್ಥ ಹೇಳಿದರು. ದೊಡ್ಡ ಮನುಷ್ಯರು ಉಂಗುರದ ಬೆರಳನ್ನು ನನ್ನ ಬಲಗಾಲಿನ ಹೆಬ್ಬೆಟ್ಟಿಗೆ ಒತ್ತಿ, ಎಳೆದು, ಹಣೆಗೆ ಹಚ್ಚಿಕೊಂಡರು.

ಅಲ್ಲಿಂದ ಸಾಲು. ಮುಟ್ಟಬೇಡಿ, ಹೋಗುತ್ತೆ, ಮುಟ್ಟಬೇಡಿ ಅಂತ ನಾನು ಹೇಳುತ್ತಲೇ ಇದ್ದೆ. ಒಬ್ಬಾಕೆ, ದೇವರಿಗೆ ಅಡ್ಡ ನಿಲ್ಲಬಾರದು ಮಗ ಅಂತ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು. ನನ್ನ ಚಿತ್ರದಿಂದ ನನ್ನನ್ನೇ ಸರಿಸಿದಳು. ಹೆಬ್ಬೆಟ್ಟು ಹೋಯಿತು, ಹಿಮ್ಮಡಿ ಹೋಯಿತು. ಪಾದ ಖಾಲಿಯಾದ ಮೇಲೆ ಸೂರ್ಯನಿಗೆ ಕೈ ಹಾಕಿದರು, ಸೂರ್ಯ ಆದ ಮೇಲೆ ಚಂದ್ರ. ಯಾರೋ ಕುಂಕುಮ ಇಟ್ಟರು. ಯಾರೋ ಜಡೆಯಿಂದ ಕನಕಾಂಬರ ಕಿತ್ತು ಹಲಗೆಯ ಮೇಲಕ್ಕೆ ಸಿಕ್ಕಿಸಿದರು. ಸೊಟ್ಟ ಕಿರುಬೆರಳಿನ ಲಕ್ಷ್ಮಿಯನ್ನು ಯಾವ ಪುರಾಣದಲ್ಲಿ ಕಂಡಿದ್ದರೋ ಅವರೇ ಹೇಳಬೇಕು. ಚೇಳನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಭಕ್ತಿ ಅಲ್ಲಿಗೆ ನಿಂತಿತ್ತು.

ಅಪ್ಪನ ಸರದಿ ಬಂತು. ಎಡಗಾಲಿನ ಕಿರುಬೆರಳು ಇನ್ನೂ ಅಲ್ಲಿ ಉಳಿದಿತ್ತು. ಎತ್ತು ತುಳಿದ ದಿನ ಅದಕ್ಕೆ ಅರಿಸಿನ ಹಚ್ಚಿ ಬಟ್ಟೆ ಕಟ್ಟಿದವನು ಅಪ್ಪನೇ. ಅವನಾದರೂ ಗುರುತು ಹಿಡಿಯುತ್ತಾನೆ ಅಂತ ನಾನು ಅವನ ಮುಖವನ್ನೇ ನೋಡುತ್ತ ನಿಂತೆ. ಅಪ್ಪ ಟವಲನ್ನು ಹೆಗಲಿನಿಂದ ತೆಗೆದು ನಡುವಿಗೆ ಸುತ್ತಿಕೊಂಡ, ಗುಡಿಯಲ್ಲಿ ಮಾಡುವ ಹಾಗೆ. ಎರಡು ಕೈ ಮುಗಿದು, ಬಗ್ಗಿ, ಉಳಿದ ಆ ಕಿರುಬೆರಳನ್ನು ಒರೆಸಿ ತೆಗೆದು ಹಣೆಗೆ ಉದ್ದಕ್ಕೆ ಬಳಿದುಕೊಂಡ. ಎದ್ದು ನಿಂತಾಗ ಅವನ ಕಣ್ಣು ಒದ್ದೆಯಾಗಿತ್ತು. ಪಕ್ಕದವನಿಗೆ, ನಮ್ಮ ಮಗಳು ಮಾಡಿರದು ಅಂದ. ಆ ಹೆಮ್ಮೆಯನ್ನು ಕೇಳಬೇಕು ಅಂತ ನಾನು ಎಷ್ಟು ವರ್ಷ ಕಾದಿದ್ದೆ. ಕೇಳಿದಾಗ ಆದದ್ದು ಬರೀ ಸಿಟ್ಟು. ಹೆಣ್ಣಿನ ಕಾಲು ಬಿದ್ದರೆ ಹುಲುಸು ಹೋಗುತ್ತದೆ ಅಂದವನು ನನ್ನ ಕಾಲಿಗೇ ಬಿದ್ದಿದ್ದ, ಆದರೆ ನನ್ನ ಕಾಲು ಅಂತ ಅಲ್ಲ.

ಪೇಟೆಯ ಹಿರಿಯರು ಬರುವ ಹೊತ್ತಿಗೆ ಹಲಗೆಯ ಮೇಲೆ ಬೆರಳು ಎಳೆದ ಗೀರುಗಳು, ಕುಂಕುಮ, ಹೂವು, ಅರ್ಧ ನೇಗಿಲು, ಒಂದು ಚೇಳು. ಅವರು ಖಾದಿ ಜುಬ್ಬಾ ತೊಟ್ಟ, ದಪ್ಪ ಕನ್ನಡಕದ ಮನುಷ್ಯ. ಮೇಷ್ಟ್ರು ಅವರ ಮುಂದೆಯೂ ವಿಭೂತಿಯ ಕಥೆಯನ್ನೇ ಹೇಳಿದರು, ಹೇಳಿಬಿಟ್ಟ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯ ಅವರಿಗೆ ಎಲ್ಲಿಂದ ಬರಬೇಕು. ಭಕ್ತಿಯಿಂದ ಮಾಡಿದ್ದಾಳೆ, ಜನ ಭಕ್ತಿಯಿಂದ ಸ್ವೀಕರಿಸಿದ್ದಾರೆ ಅಂದರು. ಹಿರಿಯರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ನಮ್ಮದು ದೇವರ ಪಟ ಬರೆಯುವವರ ಶಾಲೆ ಅಲ್ಲವಲ್ಲ ಅಂತ ಬೇಸರದಿಂದಲೇ ಹೇಳಿ ಮುಂದಿನ ಮಾವಿನಹಣ್ಣಿನ ಕಡೆ ತಿರುಗಿದರು.

ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ ಅಂತ ಆಗಲೇ ತಿಳಿಯಿತು. ಸುಮ್ಮನಿದ್ದರೆ ಅಮೃತಹಳ್ಳಿ. ಬಾಯಿ ಬಿಟ್ಟರೆ ಏನಾಗುತ್ತದೋ ಗೊತ್ತಿಲ್ಲ, ಹಾಲಿನಲ್ಲಿ ಅಷ್ಟೂ ಜನರ ಹಣೆಯ ಮೇಲೆ ನನ್ನ ಬೂದಿ ಇತ್ತು. ಹಿರಿಯರ ಬೆನ್ನಿಗೆ ಕೂಗಿ ಹೇಳಿದೆ.

“ಅದು ಈಬೂತಿ ಅಲ್ಲ ಸಾರ್. ನಮ್ಮನೆ ಒಲೆ ಬೂದಿ. ಅವು ಲಕ್ಷ್ಮೀ ಪಾದಾನೂ ಅಲ್ಲ, ನನ್ನವು. ನಾನು ನಿಂತಿದ್ದೆ ಅಲ್ಲಿ. ಇವರೆಲ್ಲ ಒರೆಸ್ಕೊಂಡ್ಬಿಟ್ರು.”

ಹಿರಿಯರು ವಾಪಸು ಬಂದರು. ಈ ಸಲ ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಚೇಳಿನ ಕೆಂಪು ಎಲ್ಲಿಂದ ಬಂತು ಅಂದರು. ರೈಲಿನದು ಅಂದೆ. ಅಂಟು ಏನು ಅಂದರು. ಒಡೆದ ಹಾಲು, ಬೂದಿ ನೀರು ಅಂದೆ. ಜಿರಲೆ ಬಂದದ್ದು, ಜಾಲಿ ಅಂಟು ಒಡೆದದ್ದು, ಎಲ್ಲ ಕೇಳಿ ಕೇಳಿ ಹೇಳಿಸಿದರು. ಪಾದ ಎಲ್ಲಿತ್ತು ತೋರಿಸು ಅಂದರು. ನಾನು ಬೆರಳಿಟ್ಟು ತೋರಿಸಿದೆ. ಆಮೇಲೆ ಎದ್ದು, ಹೆಡ್ಮಾಸ್ಟರ ಕಡೆ ತಿರುಗಿ, ಈ ಹುಡುಗಿಯ ಕೈಯಲ್ಲಿ ಕೆಲಸ ಇದೆ, ನಮ್ಮ ಶಾಲೆಗೆ ಕಳಿಸಿಕೊಡಿ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ಅದನ್ನು ನಾನು ಕೇಳಿಸಿಕೊಂಡೆ, ಆದರೆ ನೋಡುತ್ತಿದ್ದದ್ದು ಅವರನ್ನಲ್ಲ. ಒಲೆ ಬೂದಿ ಅನ್ನುವ ಮಾತು ಕಿವಿಗೆ ಬಿದ್ದ ಕೂಡಲೇ ಹಾಲಿನ ತುಂಬ ಕೈಗಳು ಹಣೆಗೆ ಹೋಗಿದ್ದವು. ದೊಡ್ಡ ಮನುಷ್ಯರು ಜರಿ ಶಲ್ಯದ ತುದಿಯಲ್ಲಿ ಒತ್ತಿ ಒತ್ತಿ ಒರೆಸಿಕೊಳ್ಳುತ್ತಿದ್ದರು. ಹೆಂಗಸರು ಸೆರಗಿನಲ್ಲಿ. ದಿನಾ ಅದೇ ಬೂದಿಯಲ್ಲಿ ಹಲ್ಲುಜ್ಜುವ ಬಾಯಿಗಳು ಥೂ ಅನ್ನುತ್ತಿದ್ದವು. ಎಲ್ಲರಿಗಿಂತ ಜೋರಾಗಿ ಒರೆಸಿಕೊಂಡವನು ನಮ್ಮಪ್ಪ. ನಡುವಿಗೆ ಸುತ್ತಿದ್ದ ಟವಲನ್ನು ಬಿಚ್ಚಿ, ಮುಖ ಪೂರ್ತಿ, ಕತ್ತಿನವರೆಗೆ, ಹೊಲಸು ಸಿಡಿದವನ ಹಾಗೆ ತಿಕ್ಕಿಕೊಂಡ. ಅವನು ಮಾತ್ರ ಒಲೆ ಬೂದಿ ಅಂದಾಗ ಒರೆಸಿಕೊಳ್ಳಲಿಲ್ಲ. ಅವು ನನ್ನವು ಅಂದೆನಲ್ಲ, ಆಗ ಒರೆಸಿಕೊಂಡ.

ಮೇಷ್ಟ್ರು ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಬೂದಿ ಅಂದಿದ್ದರೆ ಆಗಲೇ ಆಚೆ ಹಾಕಿಸುತ್ತಿದ್ದರು ಕಣಮ್ಮ, ನಿನ್ನ ಒಳ್ಳೆಯದಕ್ಕೇ ಅಂದೆ ಅಂದರು. ಹೇಗೂ ಬೂದಿ ತಾನೆ, ಇನ್ನೊಂದು ಮಾಡಿಕೊಳ್ಳಬಹುದು ಅಂತಲೂ ಸೇರಿಸಿದರು. ನಿಮ್ಮ ಬಣ್ಣದ ಪೆಟ್ಟಿಗೆಯ ಚಿತ್ರವನ್ನು ಯಾರಾದರೂ ನೆಕ್ಕಿ ಹಾಕಿದ್ದರೆ ಹೀಗೇ ಹೇಳುತ್ತಿದ್ದಿರಾ ಅಂತ ಕೇಳಬೇಕಿತ್ತು, ಆವತ್ತು ಹೊಳೆಯಲಿಲ್ಲ.

ಸಂಜೆ ಅಪ್ಪನೂ ನಾನೂ ಕೆರೆ ಏರಿ ಮೇಲೆ ನಡೆದು ಬಂದೆವು. ಹಲಗೆಯನ್ನು ಸ್ಕೂಲಿನಲ್ಲೇ ಬಿಟ್ಟಿದ್ದೆ. ಅಪ್ಪ ಮುಂದೆ, ನಾನು ಹಿಂದೆ. ಅರ್ಧ ಏರಿ ದಾಟಿದೆವು. ಆಮೇಲೆ ತಿರುಗಿ ನೋಡದೆಯೇ ಹೇಳಿದ.

“ನಾಕ್ ಜನದ ಮುಂದೆ ಯೋಳವ್ರೆ. ಮಾತು ಕೊಟ್ಟಿವ್ನಿ. ಓಗು.”

ನಾನು ಊಂ ಅಂದೆ. ಕೇಳಬೇಕಾಗಿದ್ದದ್ದು ಅದೇ, ಅಷ್ಟಕ್ಕಾಗಿಯೇ ಬೆರಳ ಚರ್ಮ ಸುಲಿಸಿಕೊಂಡಿದ್ದೆ. ಖುಷಿ ಆಗಬೇಕಿತ್ತು, ಆಗಲಿಲ್ಲ. ಊರಿನ ಮೊದಲ ಮನೆಗಳು ಕಾಣಿಸಿದವು. ಅರಳಿ ಕಟ್ಟೆಯ ಮೇಲೆ ಐದಾರು ಜನ ಕೂತಿದ್ದರು, ಸ್ಕೂಲಿನ ಸುದ್ದಿ ಅವರನ್ನು ಇನ್ನೂ ಮುಟ್ಟಿರಲಿಲ್ಲ. ಅಪ್ಪ ನಿಂತ. ಟವಲಿನಿಂದ ಮತ್ತೊಮ್ಮೆ ಹಣೆ ತಿಕ್ಕಿಕೊಂಡು ನನ್ನ ಕಡೆ ತಿರುಗಿದ.

“ನೋಡವ್ವ, ಇನ್ನೂ ಐತಾ?”

ನೋಡಿದೆ. ಹುಬ್ಬುಗಳ ನಡುವೆ ಎರಡು ಆಳವಾದ ಗೆರೆಗಳಿದ್ದವು ಅಪ್ಪನಿಗೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮಾಡಿ ಬಂದವು. ಆ ಗೆರೆಗಳ ಒಳಗೆ ಹುಣಸೆ ಬೂದಿ ಬೆಳ್ಳಗೆ ಕೂತಿತ್ತು.

“ಇಲ್ಲ ಕಣಪ್ಪ,” ಅಂದೆ.

ಅಪ್ಪ ಟವಲನ್ನು ಕೊಡವಿ ಹೆಗಲ ಮೇಲೆ ಹಾಕಿಕೊಂಡು, ನನ್ನ ಕಾಲನ್ನು ಹಣೆಯ ಮೇಲೆ ಹೊತ್ತು, ಊರೊಳಗೆ ಹೋದ.